ಆಯುಧ ಪೂಜೆಯಲ್ಲಿ ತೊಯ್ದ ಗಿಟಾರ್

ನಾನು ಚಿಕ್ಕವನಿದ್ದಾಗ, ಒಂದು ಆಯುಧ ಪೂಜೆಯ ದಿನ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಅಕ್ಕ ಕೊನೆಯ ಸಲ ಗಿಟಾರ್ ಬಾರಿಸಲು ನಿಂತಳು. ಮಕ್ಕಳೇ, ಈಗ ನಿಮ್ಮ ಕೋಣೆಯಲ್ಲಿರುವ ಅದೇ ಕೆಂಪು ಎಲೆಕ್ಟ್ರಿಕ್ ಗಿಟಾರ್.

ಅದು ನನ್ನ ಅಜ್ಜನದು. ಮದುವೆಗಳಲ್ಲಿ ಅದನ್ನು ಬಾರಿಸಿಯೇ ಅವನು ಸಂಸಾರ ನಡೆಸಿದ್ದ. ಆಂಧ್ರದ ಆದವಾನಿಯಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದ ಅಪ್ಪನಿಗೆ ಬಾರಿಸಲು ಬಾರದು. ಅದು ಒಲಿದದ್ದು ಅಕ್ಕನಿಗೆ. ಸಂಜೆ ಅವಳು ಬಾರಿಸಿದರೆ ಹಮಾಲರು ತಲೆಗೆ ಅಂಟಿದ ಹತ್ತಿಯನ್ನೂ ಕೊಡವಿಕೊಳ್ಳದೆ ಬಾಗಿಲಲ್ಲಿ ನಿಲ್ಲುತ್ತಿದ್ದರು.

"ನಮಗೆಲ್ಲಾ ಅನ್ನ ಹಾಕೈತಿ ಇದು. ಪೂಜೆಗಿಡ್ರಿ," ಎಂದ ಅಪ್ಪ. ತಕ್ಕಡಿಯ ಹಾಗೆ ಅದನ್ನೂ ಒದ್ದೆ ಬಟ್ಟೆಯಿಂದ ಉಜ್ಜಿ ವಿಭೂತಿ ಬಳಿದ. ಪೂಜೆಗೆಂದು ತೊಳೆದ ಬಂಡೆಯ ನೆಲ ಇನ್ನೂ ತೊಯ್ದಿತ್ತು. ಪೂಜೆಯಾದ ಮೇಲೆ ಪ್ರತಿಯೊಂದನ್ನೂ ಒಮ್ಮೆ ನಡೆಸುವುದು ನಮ್ಮ ಪದ್ಧತಿ. ತಕ್ಕಡಿಯಲ್ಲಿ ಹಿಡಿ ಹತ್ತಿ ತೂಗಿದೆವು, ಹೊಲಿಗೆ ಯಂತ್ರ ತುಳಿದೆವು.

"ನೀರು ಆರ್ಲಿ ತಡಿಯಪ್ಪ," ಎಂದಳು ಅಕ್ಕ.

"ಹತ್ತೂವರಿಗೆ ರಾಹುಕಾಲ ಐತಿ ತಲ್ಲೀ. ಒಂದ್ ಸಲ ಮೀಟು, ಸಾಕು."

ಆಂಪ್ಲಿಫೈಯರ್‌ನ ಎರಡು ಪಿನ್ನಿನ ಪ್ಲಗ್ ಸಿಕ್ಕಿಸಿ, ಸ್ವಿಚ್ಚು ಹಾಕಿ, ಬರಿಗಾಲಲ್ಲಿ ನಿಂತು ಅಕ್ಕ ತಂತಿ ಒತ್ತಿದಳು. ಅವಳ ಮೈ ಗಡಗಡ ಅಲುಗಿತು. ನನ್ನನ್ನು ನಗಿಸಲು ಅವಳು ಯಾವಾಗಲೂ ಹಾಗೆ ಕುಣಿಯುತ್ತಿದ್ದಳು. "ಸಾಕ್ ಬಿಡಕ್ಕ ನಿನ್ನ ನಾಟಕ!" ಎಂದು ನಕ್ಕುಬಿಟ್ಟೆ. ಸ್ವಿಚ್ಚು ನನ್ನ ಕೈಗೆಟುಕುವಷ್ಟು ಹತ್ತಿರವಿತ್ತು. ಅಪ್ಪ ಕರೆಂಟಿನ ವೈರನ್ನು ಒನಕೆಯಿಂದ ಹೊಡೆದು ಕಿತ್ತುಹಾಕುವವರೆಗೂ ನಾನು ನಗುತ್ತಲೇ ಇದ್ದೆ. ಆ ನಗು ಇಂದಿಗೂ ನನಗೆ ಕೇಳಿಸುತ್ತದೆ.

ಅಕ್ಕ ಬದುಕಿದಳು. ಆದರೆ ಎಡಗೈಯ ಮೂರು ಬೆರಳುಗಳು ಸುಟ್ಟು, ಮತ್ತೆ ಬಾಗಲಿಲ್ಲ. ಅಪ್ಪ ಅವಳ ಹಾಸಿಗೆಯ ಪಕ್ಕ ಕುಳಿತೇ ಬೆಳಗು ಮಾಡುತ್ತಿದ್ದ. ನನಗೂ ನಿದ್ದೆ ಇರಲಿಲ್ಲ.

ದೀಪಾವಳಿ ಕಳೆದ ಮೇಲೊಂದು ದಿನ ಅಪ್ಪ ಗಿಟಾರನ್ನು ಒಡೆದು ಒಲೆಗೆ ಹಾಕಲು ಹೊರಟ. ಅಕ್ಕ ಅಡ್ಡ ನಿಂತಳು. "ಅದೇನ್ ಮಾಡೈತಪ್ಪ? ತಮ್ಮಗ ಕೊಡು. ನಾ ಬಾಯ್ಲೆ ಹೇಳ್ತೀನಿ, ಅವ ಬಾರಿಸ್ಲಿ." ನನ್ನ ಕಡೆ ತಿರುಗಿ, "ಏ ಮಂಗ್ಯಾ, ಚಪ್ಲಿ ಹಾಕ್ಕೊಂಡ್ ಬಾ," ಎಂದಳು.

ನಿಮ್ಮ ಕೋಣೆಯ ನೆಲ ಒಣಗಿರುತ್ತದೆ, ಪ್ಲಗ್ಗಿಗೆ ಮೂರು ಪಿನ್ನುಗಳಿವೆ. ಹೆಡ್‌ಫೋನ್ ಹಾಕಿಕೊಂಡು ನೀವು ಬಾರಿಸುವುದು ನಿಮಗಷ್ಟೇ ಕೇಳುತ್ತದೆ. ನಮ್ಮ ಮನೆಯಲ್ಲಿ ಅಂದು ಬೀದಿಗೆಲ್ಲ ಕೇಳುವಂತೆ ನಾನು ತಪ್ಪುತಪ್ಪಾಗಿ ಬಾರಿಸಿದೆ. ಬಿಗಿದ ಬೆರಳುಗಳನ್ನು ಮಡಿಲಲ್ಲಿಟ್ಟುಕೊಂಡು ಅಕ್ಕ ತಿದ್ದಿದಳು, ಬೈದಳು, ಒಂದು ಕಡೆ ಅತ್ತೂಬಿಟ್ಟಳು. ಅಂದು ರಾತ್ರಿ ನಾವು ಮೂವರೂ ಬೆಳಗಾಗುವವರೆಗೆ ಒಮ್ಮೆಯೂ ಏಳದೆ ಮಲಗಿದೆವು.