ಎರಡು ಎಂಜಿನ್, ಒಂದು ಸುರ

೧೯೬೬ರ ಮಾರ್ಚಿನಲ್ಲಿ, ರೇಡಿಯೋದಿಂದ ನಡೆಸುವ ನನ್ನ ಎರಡು ಎಂಜಿನ್ನಿನ ಆಟಿಕೆ ವಿಮಾನ ಗೋಪನಕೊಪ್ಪದಾಚೆಯ ಬಯಲಲ್ಲಿ ಬಿತ್ತು. ಮುಂಬಯಿಯಿಂದ ಹಳೆಯದನ್ನೇ ತಂದಿದ್ದೆ. ಅದನ್ನು ದುರಸ್ತಿ ಮಾಡಿಕೊಡುತ್ತಿದ್ದವರು ಹುಬ್ಬಳ್ಳಿಯ ಹಾರ್ಮೋನಿಯಂ ರಿಪೇರಿಯವರು. ಒಂದು ಎಂಜಿನ್ ಇನ್ನೊಂದಕ್ಕಿಂತ ಜೋರಾದರೆ ವಿಮಾನ ವಾಲುತ್ತದೆ. ಅವರು ಎರಡನ್ನೂ ಚಾಲೂ ಮಾಡಿ, ಕಣ್ಣು ಮುಚ್ಚಿ ಕೇಳುತ್ತ, ಎರಡರ ಸದ್ದೂ ಒಂದೇ ಸ್ವರಕ್ಕೆ ಬರುವವರೆಗೆ ಸ್ಕ್ರೂ ತಿರುಗಿಸುತ್ತಿದ್ದರು. ‘ಸುರ ಇನ್ನೂ ಕೂಡಿಲ್ರಿ’ ಎನ್ನುತ್ತಿದ್ದರು.

ವಿಮಾನ ಬಿದ್ದ ದಿನವೂ ಹಾಗೇ ಅಂದರು.

‘ಉಸ್ತಾದರ, ಇದೇನು ಗವಾಯಿಗಳ ಬೈಠಕ್ ಏನ್ರಿ?’ ಎಂದು ನಕ್ಕು ಹಾರಿಸಿಬಿಟ್ಟೆ. ಅದು ಎಡಕ್ಕೆ ವಾಲಿ ನೆಲಕ್ಕೆ ಬಡಿಯಿತು.

ಮುರಿದ ರೆಕ್ಕೆಯನ್ನು ಅವರು ತಮ್ಮ ಟವೆಲ್ಲಿನಲ್ಲಿ ಸುತ್ತಿಕೊಂಡರು. ‘ಬರ್ರಿ, ಮತ್ತ ಕೂಡಸೋಣು.’

ದೀಪಾವಳಿ ಹೊತ್ತಿಗೆ ಅದೇ ಬಯಲಿಗೆ ಹೋದೆವು. ಅವರು ‘ಈಗ ಬಿಡ್ರಿ’ ಎನ್ನುವವರೆಗೂ ಕಾದೆ. ವಿಮಾನ ನೆಟ್ಟಗೆ ಏರಿತು. ಅವರು ನೋಡುತ್ತಿರಲಿಲ್ಲ; ಕಣ್ಣು ಮುಚ್ಚಿ ಕೇಳುತ್ತಿದ್ದರು.