ಒಂದು ಹೆಚ್ಚಿನ ಪ್ರಶ್ನೆ

ಇವತ್ತು ವಕೀಲರ ಕೋಣೆಯಲ್ಲಿ ಯಾರೋ ಬುತ್ತಿ ಬಿಚ್ಚಿದರು. ಗುರೆಳ್ಳು ಚಟ್ನಿಪುಡಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಬಸವ್ವ ಮತ್ತು ಶಂಕ್ರವ್ವ ನೆನಪಾದರು. ಅವರ ಹಿಂದೆಯೇ ನನ್ನ ದಡ್ಡತನವೂ ಬಂದು ನಿಂತಿತು. ಕುಳಿತುಕೊಳ್ಳಿ, ಹೇಳುತ್ತೇನೆ, ನನ್ನ ಕೇಸು ಕೂಗಲು ಇನ್ನೂ ಹೊತ್ತಿದೆ.

ಆಗ ನಾನು ಕಾನೂನು ಓದುತ್ತಿದ್ದೆ. ನನ್ನ ಕರಿ ಕೋಟು ಹೊಲಿದು ಬಂದ ದಿನವೇ ಅವ್ವ ಗಂಗಾವತಿಯ ನಮ್ಮ ಓಣಿಗೆಲ್ಲ ಪೇಢೆ ಹಂಚಿದ್ದಳು. ಕ್ರಿಮಿನಲ್ ಕೋರ್ಟು ಹೇಗೆ ನಡೆಯುತ್ತದೆಂದು ನೋಡಲು ಕಾಲೇಜಿನವರು ನನ್ನನ್ನು ಒಬ್ಬ ಹಿರಿಯ ವಕೀಲರ ಬಳಿ ಕಳಿಸಿದರು. ಯಾವ ಊರಿನ ಕೋರ್ಟು ಎಂದು ಹೇಳುವುದಿಲ್ಲ. ಅಲ್ಲಿನ ಟೈಪಿಸ್ಟರು ಕುಡಿಸುವ ಚಹಾ ನನಗೆ ಇನ್ನೂ ಬೇಕು. ಕೂಗಾಟ, ಕಣ್ಣೀರು, ಮೇಜು ಗುದ್ದುವ ವಾದ ನೋಡಲು ಹೋದವಳಿಗೆ ಸಿಕ್ಕಿದ್ದು ಬರೀ ಮುಂದಿನ ತಾರೀಖು. ಹತ್ತು ದಿನಕ್ಕೇ ಕೋರ್ಟಿನ ಫ್ಯಾನು ಎಷ್ಟು ಸುತ್ತಿಗೊಮ್ಮೆ ಕಿರ್ರ್ ಎನ್ನುತ್ತದೆಂದು ಬಾಯಿಪಾಠವಾಗಿತ್ತು.

ಅಷ್ಟರಲ್ಲಿ ಬೇವಿನ ಗಿಡದ ಕೆಳಗೆ ಇಬ್ಬರು ಹೆಂಗಸರು ಒಂದೇ ಬುತ್ತಿಯ ರೊಟ್ಟಿ ಮುರಿದು ಗುರೆಳ್ಳು ಚಟ್ನಿಪುಡಿ ಹಚ್ಚಿಕೊಂಡು ತಿನ್ನುವುದನ್ನು ಕಂಡೆ. ಒಬ್ಬಳು ನಮ್ಮ ಕಕ್ಷಿದಾರಳು ಶಂಕ್ರವ್ವ, ಆರೋಪಿ. ಇನ್ನೊಬ್ಬಳು ಬಸವ್ವ, ಅವಳ ಮೇಲೆ ಫಿರ್ಯಾದು ಕೊಟ್ಟವಳು! ನಳದ ಮುಂದಿನ ಜಗಳದಲ್ಲಿ ಶಂಕ್ರವ್ವ ಕೊಡ ಬೀಸಿದ್ದಕ್ಕೆ ಬಸವ್ವನ ಹಣೆಗೆ ಮೂರು ಹೊಲಿಗೆ ಬಿದ್ದಿದ್ದವು. ಇಬ್ಬರೂ ಎಂದೋ ಒಂದಾಗಿದ್ದರು. ಆದರೆ ಪೊಲೀಸರು ಕೊಡವನ್ನು ಆಯುಧವೆಂದು ಬರೆದು ಹಾಕಿದ ಕಲಮು ರಾಜಿಗೆ ಒಗ್ಗದ್ದು, ಕೇಸು ನಡೆಯಲೇಬೇಕು. ಶಂಕ್ರವ್ವ ಸರಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಶಿಕ್ಷೆಯಾದರೆ ಆ ಕೆಲಸ ಹೋಗುತ್ತದೆ. ಅದಕ್ಕೆ ಬಸವ್ವ ತಾನೇ ಜಾರಿಬಿದ್ದೆ ಎಂದು ಹೇಳುವುದೆಂದು ಗಿಡದ ಕೆಳಗೇ ತೀರ್ಮಾನವಾಗಿತ್ತು. ಇಂಥದ್ದು ನಮ್ಮ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ.

ಸಾಕ್ಷಿ ಹೇಳುವ ದಿನ ಬಸವ್ವ ಕಟಕಟೆಯಲ್ಲಿ ನಿಂತು ಚೆನ್ನಾಗಿಯೇ ಬಿದ್ದಳು. ಸರಕಾರಿ ವಕೀಲರು ಹೇಗೆ ತಿರುಗಿಸಿ ಕೇಳಿದರೂ ಕಲ್ಲು ಪಾಚಿಗಟ್ಟಿತ್ತು, ಕಾಲು ಜಾರಿತು ಎಂದಳು. ನಮ್ಮ ಹಿರಿಯರು ಎದ್ದು, ಪ್ರಶ್ನೆ ಏನೂ ಇಲ್ಲ ಎಂದು ಕೂತುಬಿಟ್ಟಿದ್ದರೆ ಕತೆ ಮುಗಿಯುತ್ತಿತ್ತು. ಆದರೆ ನಾನಿದ್ದೆನಲ್ಲ! ಜಾಣತನ ಉಕ್ಕಿ ಒಂದು ಚೀಟಿ ಬರೆದು ಅವರ ಕೈಗಿಟ್ಟೆ. ಊಟದ ಮೇಲಿನ ಜೋಂಪಿನಲ್ಲಿದ್ದ ಅವರು ಅದನ್ನು ಹಾಗೆಯೇ ಓದಿದರು: ಆರೋಪಿ ಶಾಂತ ಸ್ವಭಾವದವಳು, ನಿನ್ನ ಜೊತೆ ಎಂದೂ ಜಗಳವಾಡಿಲ್ಲ, ಹೌದಲ್ಲ?

ಬಸವ್ವ ಗಲ್ಲದ ಮೇಲೆ ಕೈಯಿಟ್ಟಳು. "ಯಾರು, ಈಕಿನಾ? ದಿನಾ ಜಗಳಾಡತಾಳ್ರಿ. ಆದ್ರ ಕೊಡ ಎತ್ತಿದ್ದು ಮಾತ್ರ ಅವತ್ತೊಂದಽ ದಿನ."

ಟೈಪಿಸ್ಟರ ಬೆರಳು ನಿಂತವು. ಆರೋಪಿಯ ಕಟಕಟೆಯಿಂದ ಶಂಕ್ರವ್ವ ಸುಮ್ಮನಿರಬೇಕೋ ಬೇಡವೋ? "ಮೊದ್ಲ ನನ್ನ ಕೊಡ ಒದ್ದಾಕಿ ಯಾರು? ಅದನ್ನೂ ಹೇಳು," ಎಂದಳು. ನ್ಯಾಯಾಧೀಶ ಸಾಹೇಬರು ಕನ್ನಡಕ ತೆಗೆದು ಇಬ್ಬರನ್ನೂ ನೋಡಿದರು. ನಾನು ಮೇಜಿನ ಕೆಳಗೆ ಬಿದ್ದಿರದ ಪೆನ್ನನ್ನು ಬಹಳ ಹೊತ್ತು ಹುಡುಕಿದೆ.

ತೀರ್ಪಿನವರೆಗೆ ಮೂರು ವಾರ ನನಗೆ ಅನ್ನ ಸೇರಲಿಲ್ಲ. ಒಂದು ಚೀಟಿಯಿಂದ ಒಬ್ಬಳ ಒಲೆ ಆರಿಸಿದೆನಲ್ಲ ಎಂದು ಒಳಗೊಳಗೇ ಅಳುತ್ತಿದ್ದೆ. ಸಾಹೇಬರು ದೊಡ್ಡವರು. ಕೊಡವೇನು ಮಹಾ ಆಯುಧವಲ್ಲ ಎಂದು ಗುನ್ನೆಯನ್ನು ಸಣ್ಣದು ಮಾಡಿ, ಇನ್ನೊಮ್ಮೆ ಹೀಗೆ ಮಾಡಬೇಡ ಎಂದು ಬುದ್ಧಿ ಹೇಳಿ ಶಂಕ್ರವ್ವನನ್ನು ಬಿಟ್ಟರು. ಹಾಗೆ ಬಿಟ್ಟರೆ ಕೆಲಸಕ್ಕೆ ಅಡ್ಡಿಯಿಲ್ಲವಂತೆ.

ಹೊರಗೆ ಬಂದವಳ ಮುಂದೆ ತಲೆ ತಗ್ಗಿಸಿ ನಿಂತು, ಚೀಟಿ ಬರೆದವಳು ನಾನೇ ಎಂದು ಒಪ್ಪಿಕೊಂಡೆ. ಬೈಗುಳ ತಿನ್ನಲು ಸಿದ್ಧಳಾಗಿಯೇ ಬಂದಿದ್ದೆ. ಅವಳು ನನ್ನ ಕೋಟಿನ ತೋಳು ಹಿಡಿದು ಪಕ್ಕಕ್ಕೆ ಕರೆದಳು.

"ಛಲೋ ಆತು ಬಿಡು ತಂಗಿ. ಹೊಡದಾಕಿ ನಾ, ಬಿದ್ದೆ ಅನ್ನಾಕಿ ಆಕಿ. ನಾ ಕೊಟ್ಟ ಏಟಿಗೆ ಕಿಮ್ಮತ್ತಽ ಇಲ್ದಂಗ ಆಗಿತ್ತು."

ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬಸವ್ವ ಅತ್ತ ಬಸ್ಸು ಬಂತೆಂದು ಇವಳನ್ನು ಬೈಯುತ್ತಿದ್ದಳು.

ನಿಮಗೆ ಇಷ್ಟು ಹೇಳುವಷ್ಟರಲ್ಲಿ ನೋಡಿ, ನಾಳೆ ಸಾಕ್ಷಿ ಹೇಳಬೇಕಾದ ಅಜ್ಜನೊಬ್ಬ ಬಂದು ನನ್ನ ಮೇಜಿನ ಮುಂದೆ ಕೈಮುಗಿದು ನಿಂತ. ತಾನು ಏನನ್ನಬೇಕು ಎಂದು ಕೇಳಿದ.

"ಅವತ್ತು ಏನಾತು, ಅದನ್ನ ಹೇಳ್ರಿ ಅಜ್ಜಾ," ಎಂದೆ.

ಅಜ್ಜ ಗಾಬರಿಯಾಗಿ ನನ್ನನ್ನೂ ನನ್ನ ಕೋಟನ್ನೂ ಮೇಲೆ ಕೆಳಗೆ ನೋಡಿ, ಬೇರೆ ವಕೀಲರನ್ನು ಹುಡುಕಿಕೊಂಡು ಹೋದ.