ಮೂರನೇ ಸಲದ ಎಣಿಕೆ

ಆ ಭಾನುವಾರ ತಂಗಿಯ ಜೊತೆ ನಾನೂ ನವಿ ಮುಂಬಯಿಯ ಅವಳ ಲ್ಯಾಬಿಗೆ ಹೋಗಿದ್ದೆ. ರಜೆಯ ದಿನ ಅಷ್ಟು ದೊಡ್ಡ ಕಟ್ಟಡದಲ್ಲಿ ಅವಳೊಬ್ಬಳೇ ಇರುವುದು ಅವ್ವನಿಗೆ ಸರಿಬರುತ್ತಿರಲಿಲ್ಲ. ವಾಚ್‌ಮನ್ ತನ್ನ ಪುಸ್ತಕದಲ್ಲಿ ಇಬ್ಬರ ಹೆಸರನ್ನೂ ಬರೆಸಿಕೊಂಡ. ಅವಳು ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಯೊಂದನ್ನು ಬೆಳಕಿಗೆ ಹಿಡಿದು, ಮಾರ್ಕರ್ ಪೆನ್ನಿನಿಂದ ಗುರುತು ಮಾಡುತ್ತ ಅದರಲ್ಲಿನ ಬಿಳಿ ಚುಕ್ಕೆಗಳನ್ನು ಎಣಿಸಿದಳು. ಎಣಿಸಿದ ತಟ್ಟೆಯನ್ನು ಕುಕ್ಕರಿನಂಥ ಯಂತ್ರದಲ್ಲಿ ಬೇಯಿಸಿ ಎಸೆಯುವುದು ಅಲ್ಲಿನ ಪದ್ಧತಿ, ಇದನ್ನೂ ಹಾಗೇ ಮಾಡಿದಳು. ಲೆಕ್ಕ ಬರೆಯುವ ರಿಜಿಸ್ಟರ್ ಗೈಡ್ ಮೇಡಂ ಕೋಣೆಯಲ್ಲಿತ್ತು, ಕೋಣೆಗೆ ಬೀಗ ಹಾಕಿತ್ತು.

“ಅಣ್ಣಾ, ನಂಬರ್ ಹೇಳ್ತೀನಿ, ತಲ್ಯಾಗ ಇಟ್ಕೊ.”

“ಚೀಟ್ಯಾಗ ಬರ್ಕೋಬಾರ್ದೇನ?”

“ಚೀಟಿ ಕಳೀತಾವ. ನಿನ್ನ ತಲಿ ಅಂದ್ರ ಲಾರಿ ನಂಬರಿನ ಗೋದಾಮು.”

ನಾನು ತುರ್ಭೆಯ ಗೋದಾಮಿನಲ್ಲಿ ಬಂದ ಲಾರಿ, ಹೋದ ಲಾರಿ ಬರೆಯುವವನು. ಓದಿದ್ದು ಹತ್ತನೆಯವರೆಗೆ, ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ. ಅದೇ ಶಾಲೆಯಲ್ಲಿ ಕಲಿತ ಅವಳು ಪಿಎಚ್‌ಡಿವರೆಗೆ ಹೋದಳು. ಅವಳು ಹೇಳಿದ ಸಂಖ್ಯೆಯನ್ನು ಎರಡು ಸಲ ಬಾಯಿಬಿಟ್ಟು ಹೇಳಿಕೊಂಡೆ.

ವಾಪಸು ಬರುವಾಗ ಠಾಣೆಗೆ ಹೋಗುವ ಲೋಕಲ್ ರೈಲು ಖಾಲಿಯಿತ್ತು. ಅವಳು ದಾರಿಯುದ್ದಕ್ಕೂ ಮಾತಾಡಿದಳು.

“ಕೋಶದ ಪೊರೆ ಅಂದ್ರ ಬರೇ ಕಾಂಪೌಂಡ್ ಗ್ವಾಡಿ ಅಲ್ಲಣ್ಣಾ. ಅದು ಕೊಬ್ಬಿಂದು. ಆ ಕೊಬ್ಬು ಒಂದರಿಂದ ಇನ್ನೊಂದು ಆಗ್ಕೋತನ ಇರ್ತದ. ಒಂದು ನಮೂನಿ ಕೊಬ್ಬು ಒಂದು ಪ್ರೋಟೀನನ್ನ ಹಿಡ್ಕೊಂಡು ಕುಂತಿರ್ತದ. ಕೊಬ್ಬು ಖರ್ಚಾತು ಅಂದ್ರ ಪ್ರೋಟೀನ್ ಬಿಡಿಸ್ಕೊಂಡು ಒಳಗ ಹೋಗಿ, ಸಾಕು, ಇನ್ನ ಮಾಡಬ್ಯಾಡ್ರಿ ಅಂತ ಹೇಳ್ತದ.”

“ನಮ್ಮ ಹಮಾಲರ ಮುಕಾದಮ್ ಇದ್ದಂಗ.”

“ನಿಮ್ಮ ಮುಕಾದಮ್ ಎಂದಾರ ಸಾಕು ಅಂದಾನೇನು?”

ಅವಳು ಕೆಲಸ ಮಾಡುತ್ತಿದ್ದುದು ಬ್ರೆಡ್ಡಿಗೆ ಹಾಕುವ ಯೀಸ್ಟಿನ ಮೇಲೆ. ಅವಳ ಯೀಸ್ಟಿಗೆ ಪೊರೆಗೆ ಬೇಕಾದ ಇನಾಸಿಟಾಲ್ ಎಂಬ ವಸ್ತುವನ್ನು ತಾನೇ ಮಾಡಿಕೊಳ್ಳಲು ಬರುತ್ತಿರಲಿಲ್ಲ. ಹೊರಗಿನಿಂದ ಕೊಡದಿದ್ದರೆ ಪೊರೆ ಬೆಳೆಯುವುದು ನಿಲ್ಲುತ್ತದೆ. ಒಳಗಿನದು ಮಾತ್ರ ಬೆಳೆಯುತ್ತಲೇ ಇರುತ್ತದೆ, ಕೋಶ ಸಾಯುತ್ತದೆ. ಕೋಶಕ್ಕೆ ಬೆಳೆ ಎಂದು ಸೂಚನೆ ಕೊಡುವ ಇನ್ನೊಂದು ಜೀನನ್ನೂ ಅವಳು ತೆಗೆದಿದ್ದಳು. ಒಳಗಿನದೂ ನಿಂತು ಕಾಯ್ದರೆ ಕೋಶ ಬದುಕೀತೇ ಎಂಬುದು ಅವಳ ಪ್ರಶ್ನೆ. ಉಪವಾಸ ಕೆಡವಿ ಮತ್ತೆ ಇನಾಸಿಟಾಲ್ ಕೊಟ್ಟಾಗ, ಬದುಕಿದ ಒಂದೊಂದು ಕೋಶವೂ ಒಂದೊಂದು ಬಿಳಿ ಚುಕ್ಕೆಯಾಗಿ ಬೆಳೆಯುತ್ತದೆ. ಮೊದಲ ಸಲ ನೂರಾ ಹನ್ನೆರಡು ಬಂದಿದ್ದವು, ಎರಡನೇ ಸಲ ತೊಂಬತ್ತೆಂಟು. ಆ ಭಾನುವಾರ ಎಣಿಸಿದ ಮೂರನೆಯದೂ ರಿಜಿಸ್ಟರಿಗೆ ಸೇರಿದರೆ ಅವಳು ತನ್ನ ಮೊದಲ ಪ್ರಬಂಧ ಬರೆಯಬಹುದಿತ್ತು.

ಠಾಣೆಯಲ್ಲಿ ಗಾಡಿ ಬದಲಿಸುವಾಗ ವಡಾಪಾವ್ ಅರ್ಧ ತಿಂದು ಉಳಿದರ್ಧ ನನಗೆ ಕೊಟ್ಟಳು. ತಲೆ ನೋಯುತ್ತದೆ ಅಂದಳು. ಮರುದಿನ ಕಲ್ಯಾಣದ ನಮ್ಮ ಖೋಲಿಯಲ್ಲಿ ಜ್ವರದಿಂದ ಮಲಗಿದ್ದವಳು, ನಾನು ಡ್ಯೂಟಿಗೆ ಹೊರಟಾಗ ಕಣ್ಣು ತೆರೆದು ಕೇಳಿದಳು.

“ನಂಬರ್ ಅದ ಹೌದಿಲ್ಲೋ?”

“ಅದ.”

ಆಗ ಇತ್ತು.

ಡೆಂಗಿ ಎಂದರು. ಆಸ್ಪತ್ರೆಯಲ್ಲಿ ದಿನಕ್ಕೆರಡು ಸಲ ರಕ್ತ ತೆಗೆದು ಪ್ಲೇಟ್‌ಲೆಟ್ ಲೆಕ್ಕ ಹೇಳುತ್ತಿದ್ದರು. ನಾನು ಅದನ್ನು ನೆನಪಿಟ್ಟುಕೊಂಡು ಕೆಳಗೆ ಕುಳಿತ ಅವ್ವನಿಗೆ ಹೇಳಬೇಕಿತ್ತು. ಅರವತ್ತೆರಡು ಸಾವಿರ, ನಲವತ್ತೊಂದು, ಇಪ್ಪತ್ತೇಳು, ಇಪ್ಪತ್ತೇಳು, ಹದಿನಾಲ್ಕು. ಇಪ್ಪತ್ತೇಳು ಎರಡು ಸಲ ಬಂದಾಗ ನಿಂತಿತು ಎಂದುಕೊಂಡೆವು. ಎಂಟನೆಯ ದಿನ ಅವಳು ತೀರಿಕೊಂಡಳು. ಆಮೇಲಿನ ಕೆಲಸಗಳನ್ನೆಲ್ಲ ನಾನೇ ಮಾಡಿದೆ. ಮಾಡಿದ್ದು ಗೊತ್ತಿದೆ, ಹೇಗೆ ಮಾಡಿದೆ ಎಂಬುದು ಗೊತ್ತಿಲ್ಲ.

ಒಂದೂವರೆ ತಿಂಗಳ ಮೇಲೆ ಗೈಡ್ ಮೇಡಂ ಕರೆಸಿದರು. ಅವಳ ಬಿಳಿ ಕೋಟು, ಟಿಫಿನ್ ಡಬ್ಬಿ, ಒಂದು ಜೊತೆ ಚಪ್ಪಲಿ ಕೊಟ್ಟರು. ಆಮೇಲೆ ರಿಜಿಸ್ಟರ್ ತೆರೆದಿಟ್ಟರು. ವಾಚ್‌ಮನ್ ಪುಸ್ತಕದಲ್ಲಿ ನಮ್ಮಿಬ್ಬರ ಹೆಸರು ನೋಡಿದ್ದರಂತೆ.

“ಭಾಯಿಸಾಬ್, ಉಸ್‌ನೇ ಆಪ್‌ಕೋ ಕುಛ್ ನಂಬರ್ ಬತಾಯಾ ಥಾ ಕ್ಯಾ?” ಅವಳು ನನಗೆ ಏನಾದರೂ ನಂಬರ್ ಹೇಳಿದ್ದಳೇ ಎಂದು ಮೆಲ್ಲಗೆ ಕೇಳಿದರು. ಅಣ್ಣನೇ ತನ್ನ ಎರಡನೇ ರಿಜಿಸ್ಟರ್ ಎಂದು ಅವಳು ಎಲ್ಲರಿಗೂ ಹೇಳುತ್ತಿದ್ದಳಂತೆ.

ನಾನು ಕಣ್ಣು ಮುಚ್ಚಿಕೊಂಡೆ. ಅರವತ್ತೆರಡು ಬಂತು. ನಲವತ್ತೊಂದು ಬಂತು. ಹದಿನಾಲ್ಕು ಬಂತು. ಇವು ಅದಲ್ಲ ಎಂದು ಒಂದೊಂದನ್ನೇ ಪಕ್ಕಕ್ಕೆ ಸರಿಸಿದೆ. ಅವುಗಳ ಹಿಂದೆ ಏನೂ ಇರಲಿಲ್ಲ. ನೂರಾ ಐದು ಎಂದಿದ್ದರೆ ಮೇಡಂ ಬರೆದುಕೊಳ್ಳುತ್ತಿದ್ದರು. ಹಿಂದಿನ ಎರಡರ ನಡುವೆ ಅದು ಸರಿಯಾಗಿ ಕೂರುತ್ತಿತ್ತು, ಅವಳ ಕೆಲಸ ಅವಳ ಕೈಯಿಂದಲೇ ಮುಗಿದಂತಾಗುತ್ತಿತ್ತು. ಅವರು ಪೆನ್ನಿನ ಮುಚ್ಚಳ ತೆಗೆದು ಮೂರನೇ ಸಲದ ಖಾಲಿ ಜಾಗಕ್ಕೆ ಹಿಡಿದರು.

“ಮಾಲೂಮ್ ನಹೀಂ, ಮೇಡಂ,” ಗೊತ್ತಿಲ್ಲವೆಂದೆ.

ಮುಂದೆ ಇನ್ನೊಬ್ಬ ಹುಡುಗಿ ಆ ಪ್ರಯೋಗವನ್ನು ಮೊದಲಿನಿಂದ ಮಾಡಿದಳು. ಅವಳಿಗೂ ಚುಕ್ಕೆಗಳು ಬಂದವು. ಪ್ರಬಂಧ ಅಚ್ಚಾಯಿತು, ತಂಗಿಯ ಹೆಸರು ಎರಡನೆಯದಾಗಿ ಇದೆ. ಮೇಡಂ ಒಂದು ಪ್ರತಿ ಕಳಿಸಿಕೊಟ್ಟರು. ಅದರಲ್ಲಿರುವ ಮೂರೂ ಸಲದ ಲೆಕ್ಕ ಆ ಹುಡುಗಿಯದು. ತಂಗಿ ಆ ಭಾನುವಾರ ಎಷ್ಟು ಎಣಿಸಿದಳು ಎಂಬುದು ಎಲ್ಲಿಯೂ ಇಲ್ಲ.